‘ಸ್ಥಾಪಕರು’ ಎಂಬ ಕಾಲಂನಲ್ಲಿ ಯೇಸು ಮತ್ತು ಮುಹಮ್ಮದ್: ಹೋಲಿಕೆಯನ್ನು ಎಲ್ಲಿಂದ ತೊಡಗಬೇಕು?

ಕಪ್ಪುಹಲಗೆ (ಪ್ರಶ್ನೆ):

ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಕಳೆದ ತಿಂಗಳು ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪಾಠ ಮುಗಿಸಿದ ಮೇಲೆ, ಪರೀಕ್ಷೆಗೆ ಅನುಕೂಲವಾಗಲೆಂದು ಹಲಗೆಯ ಮೇಲೆ ಕೋಷ್ಟಕವೊಂದನ್ನು ಬರೆದೆ. ಧರ್ಮ, ಸ್ಥಾಪಕರು, ಜನ್ಮಸ್ಥಳ, ಪವಿತ್ರ ಗ್ರಂಥ, ಪ್ರಾರ್ಥನಾ ಮಂದಿರ ಎಂದು ಐದು ಕಾಲಂ. ನಾನು ಹುಡುಗನಾಗಿದ್ದಾಗ ಬಾಯಿಪಾಠ ಮಾಡಿದ್ದೂ ಇದನ್ನೇ. ಅದರಲ್ಲಿ ತೊಡಕಿದೆಯೆಂದು ಎಂದೂ ಅನ್ನಿಸಿರಲಿಲ್ಲ.

ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಯೇಸುವಿನ ಗ್ರಂಥ ಬೈಬಲ್ ಅಂದರೆ ಅದನ್ನು ಅವರೇ ಬರೆದದ್ದಾ? ಹಾಗಾದರೆ ಅವರು ಸತ್ತ ಕಥೆ ಅದರಲ್ಲಿ ಹೇಗೆ ಬಂತು?" ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, "ನಮ್ಮ ಮನೆಯಲ್ಲಿ ಇಸ್ಲಾಂ ಶುರುವಾದದ್ದು ಆದಮರಿಂದ ಎನ್ನುತ್ತಾರೆ, ಯೇಸು ಕೂಡ ನಮ್ಮ ಪ್ರವಾದಿಯೇ ಎನ್ನುತ್ತಾರೆ. ನೀವು ಮುಹಮ್ಮದ್ ಪೈಗಂಬರರ ಹೆಸರೊಂದನ್ನೇ ಬರೆದಿದ್ದೀರಿ" ಎಂದ. ಗಂಟೆ ಹೊಡೆದು ನನ್ನನ್ನು ಉಳಿಸಿತು; ಆದರೆ ಆ ಎರಡು ಪ್ರಶ್ನೆಗಳು ನನ್ನ ಜೊತೆಯಲ್ಲೇ ಮನೆಗೆ ಬಂದವು.

ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ನನಗೆ ಬೇಡ. ಅದು ಅಂತರ್ಜಾಲದಲ್ಲಿ ಬೇಕಾದಷ್ಟಿದೆ, ಅದರಿಂದ ಯಾರಿಗೂ ಏನೂ ತಿಳಿದಂತೆ ಕಾಣುವುದಿಲ್ಲ. ಇವರಿಬ್ಬರನ್ನು ಒಂದೇ ಕಾಲಂನಲ್ಲಿ ಇಡುವುದು ಸರಿಯೇ, ಇಟ್ಟರೆ ಯಾವ ಅರ್ಥದಲ್ಲಿ ಇಡಬೇಕು, ಎರಡೂ ಸಮುದಾಯದ ಮಕ್ಕಳು ಕುಳಿತಿರುವ ತರಗತಿಯಲ್ಲಿ ಇಬ್ಬರಿಗೂ ಅನ್ಯಾಯವಾಗದಂತೆ ಹೇಗೆ ಹೇಳಬೇಕು ಎಂಬುದನ್ನು ಓದಿಕೊಂಡವರು ತಿಳಿಸಿದರೆ ಉಪಕಾರವಾಗುತ್ತದೆ.

ಕಡಲತಡಿಯವ:

ಮಾನ್ಯರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು. ನಾನು ಕ್ರೈಸ್ತ ಮನೆತನದಲ್ಲಿ ಬೆಳೆದವನು, ಚರಿತ್ರೆಯ ಓದು ನನ್ನ ಹವ್ಯಾಸ. ಯೇಸುವಿನ ಕಡೆಯ ಮಾತನ್ನು ನಾನು ಹೇಳುತ್ತೇನೆ.

ಯೇಸು ಒಂದು ಸಾಲನ್ನೂ ಬರೆದಿಟ್ಟವರಲ್ಲ. ಅವರು ಆಡಿದ ಭಾಷೆ ಅರಮಾಯಿಕ್. ಅವರ ಚರಿತ್ರೆಯನ್ನು ಹೇಳುವ ನಾಲ್ಕು ಸುವಾರ್ತೆಗಳಿರುವುದು ಗ್ರೀಕ್ ಭಾಷೆಯಲ್ಲಿ. ಅವುಗಳಲ್ಲಿ ಹಳೆಯದಾದ ಮಾರ್ಕನ ಸುವಾರ್ತೆ ಸುಮಾರು ಕ್ರಿ.ಶ. 70ರ ಆಸುಪಾಸಿನದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಶಿಲುಬೆಯ ಘಟನೆಯಾಗಿ ನಾಲ್ಕು ದಶಕಗಳು ಕಳೆದ ಮೇಲಿನದು. ಅಲ್ಲಲ್ಲಿ ಮಾತ್ರ ‘ತಲಿಥಾ ಕೂಮ್’, ‘ಅಬ್ಬಾ’ ಎಂಬಂಥ ಅರಮಾಯಿಕ್ ಮಾತುಗಳು ಹಾಗೆಯೇ ಉಳಿದುಕೊಂಡಿವೆ. ಸುವಾರ್ತೆಗಳಿಗಿಂತಲೂ ಮೊದಲಿನವು ಆದಿಕಾಲದ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳು, ಅವು 50ರ ದಶಕದವು. ಪೌಲನು ಯೇಸುವನ್ನು ಅವರ ಜೀವಿತಕಾಲದಲ್ಲಿ ಕಂಡವನಲ್ಲ. ಆದರೆ ಯೆರೂಸಲೇಮಿನಲ್ಲಿ ಕೇಫನೊಂದಿಗೆ (ಯೇಸುವಿನ ಶಿಷ್ಯ ಪೇತ್ರನೊಂದಿಗೆ) ಹದಿನೈದು ದಿನ ಇದ್ದುದಾಗಿಯೂ, ಯೇಸುವಿನ ಸಹೋದರ ಯಾಕೋಬನನ್ನು ಕಂಡುದಾಗಿಯೂ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಹಾಗಾಗಿ ಬೈಬಲ್ ‘ಯೇಸುವಿನ ಗ್ರಂಥ’ವಲ್ಲ, ಬಹುಮಟ್ಟಿಗೆ ಯೇಸುವಿಗೆ ಸಾಕ್ಷಿ ನುಡಿದವರ ಗ್ರಂಥ. ಅದರ ದೊಡ್ಡ ಭಾಗವಾದ ಹಳೆಯ ಒಡಂಬಡಿಕೆಯಂತೂ ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇತ್ತು, ಅವರು ಅದನ್ನು ಸಭಾಮಂದಿರದಲ್ಲಿ ಓದುತ್ತಿದ್ದವರು.

ಇನ್ನು ‘ಸ್ಥಾಪಕ’ ಎಂಬ ಮಾತು. ಯೇಸು ಯೆಹೂದ್ಯರಾಗಿ ಹುಟ್ಟಿ ಯೆಹೂದ್ಯರಾಗಿಯೇ ಸತ್ತವರು. ತಾನು ಬಂದದ್ದು ಇಸ್ರಾಯೇಲಿನ ಕಳೆದುಹೋದ ಕುರಿಗಳಿಗಾಗಿ ಎಂದು ಅವರು ಹೇಳಿದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಆದರೆ ಅದೇ ಸುವಾರ್ತೆಯಲ್ಲಿ, ಪೇತ್ರನಿಗೆ ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂದದ್ದೂ ಇದೆ, ನಮ್ಮ ಕಥೋಲಿಕರು ಯೇಸುವನ್ನು ಸ್ಥಾಪಕರೆನ್ನುವುದು ಆ ಮಾತಿನ ಆಧಾರದ ಮೇಲೆ. ನಾಲ್ಕು ಸುವಾರ್ತೆಗಳಲ್ಲಿ ‘ಸಭೆ’ ಎಂಬ ಆ ಪದ ಬರುವುದು ಮತ್ತಾಯನಲ್ಲಿ ಮಾತ್ರ ಎಂಬುದನ್ನು ಚರಿತ್ರಕಾರರು ಬೊಟ್ಟು ಮಾಡಿ ತೋರಿಸುತ್ತಾರೆ. ಯೆಹೂದ್ಯರಲ್ಲದವರು ಈ ಬಳಗಕ್ಕೆ ಸೇರಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಯೆರೂಸಲೇಮಿನಲ್ಲಿ ಚರ್ಚೆಗೆ ಬಂದು ಬೇಡವೆಂದು ತೀರ್ಮಾನವಾದದ್ದು ಸುಮಾರು 49ರಲ್ಲಿ; ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಿದ್ದದ್ದು ಸಿರಿಯಾದ ಅಂತಿಯೋಕ್ಯ ನಗರದಲ್ಲಿ. ಇವೆರಡೂ ಯೇಸುವಿನ ನಂತರದ ಸಂಗತಿಗಳು. (ಕನ್ನಡ ಬೈಬಲ್ ಈ ಸಂದರ್ಭದಲ್ಲಿ ಬಳಸುವ ‘ಸುನ್ನತಿ’ ಅರಬ್ಬಿಯಿಂದ ನಮ್ಮ ಭಾಷೆಗೆ ಬಂದ ಮಾತು. ಹಾಗೆಯೇ ‘ಪ್ರವಾದಿ’ ಎಂಬ ಮಾತನ್ನು ಹಳೆಯ ಒಡಂಬಡಿಕೆಯ ಯೆಶಾಯನಿಗೆ ನಾವೂ, ಮುಹಮ್ಮದರಿಗೆ ಮುಸ್ಲಿಮರೂ ಬಳಸುತ್ತೇವೆ. ಕನ್ನಡದೊಳಗೆ ಈ ಎರಡು ಮನೆಗಳ ನಡುವಿನ ಗೋಡೆ ನಾವು ಅಂದುಕೊಂಡಷ್ಟು ಎತ್ತರವಿಲ್ಲ.)

ಇದನ್ನೆಲ್ಲ ಓದಿದ ಕೆಲವರು, ಹಾಗಾದರೆ ಪೌಲನೇ ನಿಜವಾದ ಸ್ಥಾಪಕ, ಯೇಸುವನ್ನು ದೇವರಾಗಿಸಿದ್ದು 325ರಲ್ಲಿ ಬಿಷಪರು ಕೂಡಿದ ನೈಸಿಯಾ ಮಹಾಸಭೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಅದೂ ನಿಲ್ಲುವ ಮಾತಲ್ಲ. ಸುಮಾರು 112ರಲ್ಲಿ ರೋಮಿನ ಬಿಥೀನಿಯಾ ಪ್ರಾಂತದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ನೈಸಿಯಾ ಸಭೆಗೆ ಆಗಿನ್ನೂ ಇನ್ನೂರು ವರ್ಷಗಳಿದ್ದವು.

ತುಂಗಭದ್ರೆಯ ಓದುಗ:

ನಿಮ್ಮ ಹಿಂದಿನ ಸಾಲಿನ ಹುಡುಗ ಹೇಳಿದ್ದು ಸರಿಯಾಗಿಯೇ ಇದೆ ಸರ್. ಅವನ ಮನೆಯವರ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಕನ್ನಡ ಪುಸ್ತಕಗಳಲ್ಲಿ ಇಸ್ಲಾಮನ್ನು ‘ಮಹಮ್ಮದೀಯ ಮತ’ ಎಂದು ಬರೆಯುತ್ತಿದ್ದರು. ಕ್ರಿಸ್ತನಿಂದ ಕ್ರೈಸ್ತ, ಬುದ್ಧನಿಂದ ಬೌದ್ಧ, ಹಾಗೆಯೇ ಮಹಮ್ಮದನಿಂದ ಮಹಮ್ಮದೀಯ ಎಂಬುದು ಅವರ ಲೆಕ್ಕ. ಮುಸ್ಲಿಮರು ಆ ಹೆಸರನ್ನು ಒಪ್ಪದಿರುವುದಕ್ಕೆ ಕಾರಣ ಬಿಗುಮಾನವಲ್ಲ. ಆ ಹೆಸರು ನಂಬಿಕೆಯ ನಡುಮಧ್ಯಕ್ಕೆ ಒಬ್ಬ ಮನುಷ್ಯನನ್ನು ತಂದು ಕೂರಿಸುತ್ತದೆ ಎಂಬುದು ಕಾರಣ. ನಮ್ಮ ನಂಬಿಕೆಯಂತೆ ಪ್ರವಾದಿ ಮುಹಮ್ಮದ್(ಸ, ಅಂದರೆ ಅವರ ಮೇಲೆ ಶಾಂತಿಯಿರಲಿ) ಹೊಸ ಧರ್ಮವನ್ನು ಸ್ಥಾಪಿಸಲು ಬಂದವರಲ್ಲ; ಆದಮ್, ನೂಹ್, ಇಬ್ರಾಹೀಮ್, ಮೂಸಾ (ಮೋಶೆ), ಈಸಾ (ಯೇಸು) ಇವರೆಲ್ಲರೂ ಸಾರಿದ ಒಂದೇ ಸಂದೇಶವನ್ನು ಕೊನೆಯ ಬಾರಿಗೆ ತಂದವರು. ನಮಾಜಿನಲ್ಲಿ ಕುಳಿತು ಹೇಳುವ ಸಾಕ್ಷ್ಯವಚನದಲ್ಲೂ ಅವರನ್ನು ಮೊದಲು ‘ಅಲ್ಲಾಹನ ದಾಸ’ ಎಂದು, ಆಮೇಲೆ ‘ಅವನ ದೂತ’ ಎಂದು ಕರೆಯುತ್ತೇವೆ; ಆ ಕ್ರಮ ಬದಲಾಗುವುದಿಲ್ಲ.

ಕುರ್‌ಆನ್ ಓದದವರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಅದರಲ್ಲಿ ‘ಮುಹಮ್ಮದ್’ ಎಂಬ ಹೆಸರು ಬರುವುದು ನಾಲ್ಕೇ ಕಡೆ. ‘ಈಸಾ’ ಎಂಬ ಹೆಸರು 25 ಕಡೆ ಬರುತ್ತದೆ, ಮೂಸಾ ಹೆಸರು ನೂರಕ್ಕೂ ಹೆಚ್ಚು ಕಡೆ ಬರುತ್ತದೆ. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಈಸಾರ ತಾಯಿ ಮರ್ಯಮ್‌ರ ಹೆಸರೇ ಇದೆ. ಪ್ರವಾದಿಯವರ ತಾಯಿ ಆಮಿನಾ ಅವರ ಹೆಸರು ಕುರ್‌ಆನಿನಲ್ಲಿ ಎಲ್ಲಿಯೂ ಇಲ್ಲ. ಎಂಬತ್ತನೆಯ ಅಧ್ಯಾಯ ತೊಡಗುವುದಂತೂ ಪ್ರವಾದಿಯವರನ್ನು ಆಕ್ಷೇಪಿಸುವ ಮಾತಿನಿಂದ: ಮಕ್ಕಾದ ದೊಡ್ಡ ಮನುಷ್ಯರೊಡನೆ ಮಾತಾಡುತ್ತಿದ್ದಾಗ ಕುರುಡನೊಬ್ಬ ಬಂದದ್ದಕ್ಕೆ ಅವರು ಹುಬ್ಬು ಗಂಟಿಕ್ಕಿ ಮುಖ ತಿರುಗಿಸಿಕೊಂಡರು ಎಂದು. 632ರಲ್ಲಿ ಮದೀನಾದಲ್ಲಿ ಅವರು ತೀರಿಕೊಂಡಾಗ ಜನ ನಂಬಲಾರದೆ ಕಂಗೆಟ್ಟು ನಿಂತಿದ್ದರು. ಆಗ ಅವರ ಆಪ್ತ ಸಂಗಡಿಗ ಅಬೂಬಕರ್ ಎದ್ದು ನಿಂತು, ಮುಹಮ್ಮದರನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಮುಹಮ್ಮದ್ ತೀರಿಕೊಂಡಿದ್ದಾರೆ. ಅಲ್ಲಾಹನನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಅಲ್ಲಾಹನಿಗೆ ಸಾವಿಲ್ಲ ಎಂಬ ಅರ್ಥದ ಮಾತು ಹೇಳಿದರೆಂದು, ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳಲ್ಲಿದೆ. ಕ್ರೈಸ್ತರ ನಂಬಿಕೆ ಯೇಸುವಿನ ಸಮಾಧಿಯ ಬಳಿ, ಅದು ಖಾಲಿಯಾಗಿತ್ತು ಎಂಬ ಮಾತಿನಿಂದ ಹೊರಡುತ್ತದೆ. ನಮ್ಮದು ಸಮಾಧಿಯಲ್ಲಿ ಪ್ರವಾದಿಯವರು ಇದ್ದಾರೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ನಡೆಯುತ್ತದೆ. ಮಕ್ಕಳಿಗೆ ಈ ಒಂದು ವ್ಯತ್ಯಾಸ ಅರ್ಥವಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಯೇಸುವಿನ ವಿಷಯದಲ್ಲಿ ಎರಡೂ ಕಡೆಯವರು ಎಲ್ಲಿ ಕೂಡುತ್ತಾರೆ, ಎಲ್ಲಿ ಅಗಲುತ್ತಾರೆ ಎಂಬುದನ್ನು ಮುಚ್ಚಿಡುವುದೂ ಬೇಡ. ಕನ್ಯೆಯ ಮಗನಾಗಿ ಹುಟ್ಟಿದ್ದು, ಮಸೀಹ (ಕ್ರಿಸ್ತ) ಎಂಬ ಬಿರುದು, ರೋಗಿಗಳನ್ನು ಗುಣಪಡಿಸಿದ್ದು, ಇವನ್ನು ಕುರ್‌ಆನ್ ಒಪ್ಪುತ್ತದೆ. ದೇವರ ಮಗನೆಂಬುದನ್ನು ಒಪ್ಪುವುದಿಲ್ಲ. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಹಾಗೆ ತೋರಿತು ಅಷ್ಟೆ ಎಂದು ನಾಲ್ಕನೆಯ ಅಧ್ಯಾಯದಲ್ಲಿದೆ. ಕ್ರೈಸ್ತರಿಗೆ ಶಿಲುಬೆ ಇಲ್ಲದೆ ಏನೂ ಇಲ್ಲ. ಇಲ್ಲಿ ರಾಜಿಯ ಮಾತು ಆಡಿದರೆ ಇಬ್ಬರ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳದಂತಾಗುತ್ತದೆ.

ಹಳೇ ಕಡತ:

ಮೇಲಿನ ಇಬ್ಬರೂ ಹೇಳಿದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಪ್ಪುಹಲಗೆಯವರ ಕೋಷ್ಟಕದ ತೊಡಕು ‘ಸ್ಥಾಪಕರು’ ಎಂಬ ಕಾಲಂನಲ್ಲಿ ಮಾತ್ರವಲ್ಲ, ‘ಪವಿತ್ರ ಗ್ರಂಥ’ ಎಂಬ ಕಾಲಂನಲ್ಲೂ ಇದೆ ಎಂಬುದು ಕಾಣುತ್ತದೆ. ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಮೊದಲಾದವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕ್ರೈಸ್ತರಿಗೆ ದೇವರ ವಾಕ್ಯವೆಂದರೆ ಮೊಟ್ಟಮೊದಲಿಗೆ ಯೇಸು ಎಂಬ ವ್ಯಕ್ತಿ. ಯೋಹಾನನ ಸುವಾರ್ತೆಯ ಆರಂಭವೇ ವಾಕ್ಯವು ನರನಾಗಿ ಬಂದಿತೆಂಬುದರ ಮೇಲೆ ನಿಂತಿದೆ. ಮುಸ್ಲಿಮರಿಗೆ ದೇವರ ವಾಕ್ಯವೆಂದರೆ ಕುರ್‌ಆನ್. ಆದ್ದರಿಂದ ಯೇಸುವಿಗೆ ಎದುರಾಗಿ ಇಡಬೇಕಾದದ್ದು ಮುಹಮ್ಮದರನ್ನಲ್ಲ, ಕುರ್‌ಆನನ್ನು. ಮುಹಮ್ಮದರನ್ನು ಇಡಬೇಕಾದ ಜಾಗ ಆ ವಾಕ್ಯವನ್ನು ಹೊತ್ತು ತಂದವರದು, ಅಂದರೆ ಒಂದು ಅರ್ಥದಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಪಕ್ಕ. ಅಲ್ಲಿ ಕನ್ಯೆ, ಇಲ್ಲಿ ಅಕ್ಷರ ಕಲಿಯದ ‘ಉಮ್ಮಿ’. ಬಂದದ್ದು ಮನುಷ್ಯರ ಕಡೆಯಿಂದ ಬಂದದ್ದಲ್ಲ ಎಂದು ಎರಡೂ ಕಡೆ ಒತ್ತಿ ಹೇಳುತ್ತಾರೆ. ಪ್ರವಾದಿಯವರ ನಡೆನುಡಿಗಳನ್ನು ಅವರ ಸಂಗಡಿಗರಿಂದ ಬಾಯಿಂದ ಬಾಯಿಗೆ ಬಂದಂತೆ ಬರೆದಿಟ್ಟ ಹದೀಸ್‌ಗಳಿಗೆ ಸುವಾರ್ತೆಗಳನ್ನು ಹೋಲಿಸಬಹುದು.

ಇದು ಬರೀ ಪಂಡಿತರ ಚಮತ್ಕಾರವಲ್ಲ ಎಂಬುದಕ್ಕೆ ನಮ್ಮ ಊರುಗಳಲ್ಲೇ ಸಾಕ್ಷಿ ಸಿಗುತ್ತದೆ. ಚರ್ಚಿನಲ್ಲಿ ಕನ್ನಡದಲ್ಲಿ ಪೂಜೆ ನಡೆದರೆ ಯಾರಿಗೂ ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ. ಕನ್ನಡ ಬೈಬಲ್ ಬೈಬಲ್ಲೇ. ಮಸೀದಿಯಲ್ಲಿ ಪ್ರವಚನ ಕನ್ನಡದಲ್ಲಿ, ಬ್ಯಾರಿಯಲ್ಲಿ, ಉರ್ದುವಿನಲ್ಲಿ ನಡೆಯಬಹುದು, ನಮಾಜಿನಲ್ಲಿ ಓದುವುದು ಮಾತ್ರ ಅರಬ್ಬಿಯಲ್ಲೇ. ಕನ್ನಡದ ಕುರ್‌ಆನನ್ನು ಮುಸ್ಲಿಮರು ‘ಅರ್ಥಾನುವಾದ’ ಎಂದೇ ಕರೆಯುತ್ತಾರೆ. ಒಂದು ಕಡೆ ವಾಕ್ಯ ಒಬ್ಬ ವ್ಯಕ್ತಿ, ಹಾಗಾಗಿ ಭಾಷೆ ಬದಲಾಗಬಹುದು. ಇನ್ನೊಂದು ಕಡೆ ವಾಕ್ಯವೇ ಆ ನುಡಿ. ಕಥೋಲಿಕರು ಪೂಜೆಯಲ್ಲಿ ಕೊಡುವ ರೊಟ್ಟಿಯಾದ ಪರಮಪ್ರಸಾದವನ್ನು ನಾಲಗೆಯ ಮೇಲೆ ಇಟ್ಟುಕೊಳ್ಳುವುದಕ್ಕೆ ಸಮನಾದದ್ದನ್ನು ಹುಡುಕುವುದಾದರೆ, ಮದರಸಾದಲ್ಲಿ ಹಾಫಿಜ್ (ಪೂರ್ತಿ ಕಂಠಪಾಠ ಮಾಡಿದವನು) ಆಗಲು ಹೊರಟ ಹುಡುಗ ಕುರ್‌ಆನನ್ನು ಬಾಯಿಗೆ ತಂದುಕೊಳ್ಳುವುದರಲ್ಲಿ ಹುಡುಕಬೇಕು.

ಕ್ಯಾಲೆಂಡರನ್ನು ನೋಡಿದರೂ ಇದು ತಿಳಿಯುತ್ತದೆ. ಕ್ರೈಸ್ತ ಶಕೆ ಯೇಸುವಿನ ಜನನದಿಂದ ಎಣಿಸುತ್ತದೆ. ಆ ಎಣಿಕೆಯನ್ನು 525ರಲ್ಲಿ ರೂಪಿಸಿದವನು ಡಯೊನೀಸಿಯಸ್ ಎಂಬ ಸನ್ಯಾಸಿ. ಅವನ ಲೆಕ್ಕ ಕೆಲವು ವರ್ಷ ತಪ್ಪಿತು. ಯೇಸು ಹುಟ್ಟಿದಾಗ ಆಳುತ್ತಿದ್ದನೆಂದು ಮತ್ತಾಯನು ಹೇಳುವ ಹೆರೋದ ಅರಸನು ಸತ್ತದ್ದು ಕ್ರಿ.ಪೂ. 4ರಲ್ಲಿ, ಆದ್ದರಿಂದ ಕ್ರಿಸ್ತನು ಕ್ರಿಸ್ತಪೂರ್ವದಲ್ಲಿ ಹುಟ್ಟಿದನೆಂದು ಬರೆಯಬೇಕಾಗಿ ಬಂದಿದೆ! ಹಿಜರಿ ಶಕೆ ಪ್ರವಾದಿಯವರ ಜನನದಿಂದಲೂ (ಸುಮಾರು 570), ಹಿರಾ ಗುಹೆಯಲ್ಲಿ ಮೊದಲ ವಾಣಿ ಇಳಿದದ್ದರಿಂದಲೂ (610) ಎಣಿಸುವುದಿಲ್ಲ. ಅವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋಗಿ ಒಂದು ಸಮುದಾಯವನ್ನು ಕಟ್ಟಿದ 622ರಿಂದ ಎಣಿಸುತ್ತದೆ.

ಆಕರಗಳ ವಿಷಯದಲ್ಲಿ ಒಂದೇ ಮಾತು. ಯೇಸುವಿನ ಚರಿತ್ರೆ ಬರವಣಿಗೆಗೆ ಇಳಿದದ್ದು ನಲವತ್ತರಿಂದ ಎಪ್ಪತ್ತು ವರ್ಷಗಳೊಳಗೆ. ಪ್ರವಾದಿಯವರ ವಿವರವಾದ ಚರಿತ್ರೆ ಬರೆದ ಇಬ್ನ್ ಇಸ್ಹಾಕ್ ತೀರಿಕೊಂಡದ್ದು ಸುಮಾರು 767ರಲ್ಲಿ, ಅದೂ ನಮಗೆ ಸಿಕ್ಕಿರುವುದು ಮುಖ್ಯವಾಗಿ ಇಬ್ನ್ ಹಿಶಾಮರ ಪರಿಷ್ಕರಣದಲ್ಲಿ. ಆದರೆ ಕುರ್‌ಆನಿನ ಪಠ್ಯ ಅದಕ್ಕಿಂತ ಬಹಳ ಹಿಂದಿನದು. ಬರ್ಮಿಂಗ್‌ಹ್ಯಾಮಿನಲ್ಲಿರುವ ಎರಡು ಹಾಳೆಗಳ ಚರ್ಮವನ್ನು ಪರೀಕ್ಷಿಸಿದಾಗ 568ರಿಂದ 645ರ ನಡುವಿನದೆಂದು ತಿಳಿಯಿತು (ಚರ್ಮದ ಕಾಲವದು, ಶಾಯಿಯದಲ್ಲ). ಇಬ್ಬರೂ ಇದ್ದರೆಂಬುದಕ್ಕೆ ಹೊರಗಿನವರ ಸಾಕ್ಷಿಯೂ ಇದೆ: ಯೇಸುವಿಗೆ ರೋಮಿನ ಚರಿತ್ರಕಾರ ಟ್ಯಾಸಿಟಸ್, ಮುಹಮ್ಮದರಿಗೆ 660ರ ದಶಕದ ಅರ್ಮೇನಿಯನ್ ಚರಿತ್ರೆ.

ಒಪ್ಪದವನು:

ಸಿದ್ಧಾಂತ ಚೆನ್ನಾಗಿದೆ, ಆದರೆ ಹದಿನಾಲ್ಕರ ಮಕ್ಕಳು ಕೇಳುವುದು ಅದನ್ನಲ್ಲ. ಒಬ್ಬರು ಕೆನ್ನೆ ತಿರುಗಿಸಿ ಎಂದರು, ಇನ್ನೊಬ್ಬರು ಯುದ್ಧ ಮಾಡಿದರು, ಏಕೆ ಎಂದು ಕೇಳುತ್ತಾರೆ. ‘ಜಾಗ ಬೇರೆ, ಹೋಲಿಸಬಾರದು’ ಎಂದರೆ ಮೇಷ್ಟ್ರು ತಪ್ಪಿಸಿಕೊಂಡರು ಎಂದೇ ಅವರು ತಿಳಿಯುತ್ತಾರೆ. ಮನುಷ್ಯರಾಗಿ ಇಬ್ಬರೂ ಬದುಕಿದರಲ್ಲ, ಆ ಬದುಕುಗಳನ್ನು ಹೋಲಿಸಲೇಬಾರದೆಂದರೆ ಹೇಗೆ?

ಹಳೇ ಕಡತ:

ಹೋಲಿಸಬಾರದೆಂದು ನಾನು ಹೇಳಲಿಲ್ಲ. ಆದರೂ ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ಬದುಕುಗಳನ್ನು ಹೋಲಿಸುವಾಗ ಅವರು ನಿಂತಿದ್ದ ನೆಲವನ್ನು ಮೊದಲು ನೋಡಬೇಕು. ಅದಕ್ಕೆ ಎರಡು ಸಣ್ಣ ವಸ್ತುಗಳು ಸಾಕು, ಒಂದು ನಾಣ್ಯ, ಒಂದು ಕರಾರುಪತ್ರ.

ಯೂದಾಯವು ಕ್ರಿ.ಶ. 6ರಿಂದ ರೋಮಿನ ನೇರ ಆಳ್ವಿಕೆಯಲ್ಲಿತ್ತು. ಆ ವರ್ಷದ ಜನಗಣತಿ ತೆರಿಗೆಗಾಗಿಯೇ ನಡೆದದ್ದು, ಗಲಿಲಾಯದ ಯೂದನೆಂಬವನು ಅದರ ವಿರುದ್ಧ ದಂಗೆ ಎಬ್ಬಿಸಿದ್ದ. ಇಂಥ ನೆಲದಲ್ಲಿ, ಕೈಸರನಿಗೆ (ರೋಮಿನ ಚಕ್ರವರ್ತಿಗೆ) ತೆರಿಗೆ ಕೊಡುವುದು ಸರಿಯೇ ಎಂದು ಯೇಸುವನ್ನು ಕೇಳಿದವರು ಬೋನು ಇಟ್ಟೇ ಬಂದಿದ್ದರು: ಸರಿ ಎಂದರೆ ಜನ ಬಿಡುವುದಿಲ್ಲ, ತಪ್ಪು ಎಂದರೆ ರೋಮ್ ಬಿಡುವುದಿಲ್ಲ. ಅವರು ಒಂದು ದೆನಾರಿಯಸ್ ನಾಣ್ಯ ತರಿಸಿ ನೋಡಿದರು. ತರಿಸಬೇಕಾಯಿತು ಎಂಬುದನ್ನು ಗಮನಿಸಿ. ಅದು ಅವರ ಬಳಿ ಇರಲಿಲ್ಲ. ಇದರ ಮೇಲಿರುವ ಮುಖ ಯಾರದು ಎಂದು ಕೇಳಿ, ಕೈಸರನದನ್ನು ಕೈಸರನಿಗೂ ದೇವರದನ್ನು ದೇವರಿಗೂ ಕೊಡಿ ಎಂದರು. ರಾಜ್ಯವನ್ನು ನಡೆಸುವ ಹೊಣೆ ಅವರ ಮೇಲೆ ಎಂದೂ ಬೀಳಲಿಲ್ಲ. ಅವರ ಬಹಿರಂಗ ಬೋಧನೆಯ ಕಾಲ ಹೆಚ್ಚೆಂದರೆ ಮೂರು ವರ್ಷ; ಅದು ದೇಶಾಧಿಪತಿ ಪಿಲಾತನ ಆಜ್ಞೆಯಿಂದ 30 ಅಥವಾ 33ರಲ್ಲಿ ಮುಗಿಯಿತು.

ಮಕ್ಕಾ, ಮದೀನಾಗಳಿರುವ ಹಿಜಾಜ್ ಸೀಮೆಯಲ್ಲಿ ಕೈಸರನೂ ಇರಲಿಲ್ಲ, ಅವನ ನ್ಯಾಯಾಲಯವೂ ಇರಲಿಲ್ಲ. ಅಲ್ಲಿ ಒಬ್ಬ ಮನುಷ್ಯನಿಗೆ ರಕ್ಷಣೆಯೆಂದರೆ ಅವನ ಕುಲ. ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ಮೇಲೆ ಮುಹಮ್ಮದರಿಗೆ ಮಕ್ಕಾದಲ್ಲಿ ಆ ನೆರಳೂ ಹೋಯಿತು. ಮದೀನಾಕ್ಕೆ ಹೋದ ಮೇಲೆ, ತಮ್ಮೊಳಗೆ ಕಾದಾಡಿ ಬಸವಳಿದಿದ್ದ ಕುಲಗಳ ನಡುವೆ ತೀರ್ಪು ಹೇಳುವ, ಒಪ್ಪಂದ ಬರೆಸುವ, ದಂಡು ಕಟ್ಟುವ ಕೆಲಸವೆಲ್ಲ ಅವರದೇ ಆಯಿತು. 624ರ ಬದ್ರ್, 625ರ ಉಹುದ್, 627ರ ಕಂದಕದ ಯುದ್ಧ ಎಲ್ಲವೂ ಈ ಹತ್ತು ವರ್ಷಗಳೊಳಗಿನವು. ಮದೀನಾದ ಯೆಹೂದ್ಯರಾದ ಬನೂ ಕುರೈಜಾ ಕುಲಕ್ಕೆ ಆದ ಕಠಿಣ ಶಿಕ್ಷೆಯನ್ನು ಮುಸ್ಲಿಂ ಚರಿತ್ರಕಾರರೇ ಬರೆದಿಟ್ಟಿದ್ದಾರೆ, ಕೇಳಿದರೆ ಮುಚ್ಚಿಡಬೇಡಿ. ಅದರೊಂದಿಗೆ 628ರಲ್ಲಿ ಮಕ್ಕಾದವರೊಡನೆ ಆದ ಹುದೈಬಿಯಾ ಒಪ್ಪಂದವನ್ನೂ ಹೇಳಿ. ಅದನ್ನು ಬರೆಯುತ್ತಿದ್ದವರು ಪ್ರವಾದಿಯವರ ಅಳಿಯ ಅಲಿ. ‘ಅಲ್ಲಾಹನ ದೂತ ಮುಹಮ್ಮದ್’ ಎಂದು ಬರೆದದ್ದಕ್ಕೆ ಮಕ್ಕಾದ ಕುರೈಶ್ ಕುಲದವರ ಪ್ರತಿನಿಧಿ ಸುಹೈಲ್, ನೀವು ಅಲ್ಲಾಹನ ದೂತರೆಂದು ನಾವು ಒಪ್ಪಿದ್ದರೆ ಜಗಳವಾದರೂ ಏಕಿರುತ್ತಿತ್ತು, ತಂದೆಯ ಹೆಸರು ಹಾಕಿ ಸಾಕು ಎಂದ. ಅಳಿಸಲು ಅಲಿಗೆ ಕೈ ಬರಲಿಲ್ಲ. ಪ್ರವಾದಿಯವರೇ ಆ ಪದಗಳನ್ನು ಅಳಿಸಿ ‘ಅಬ್ದುಲ್ಲಾರ ಮಗ ಮುಹಮ್ಮದ್’ ಎಂದು ಬರೆಸಿದರು. ಆ ವರ್ಷ ಯಾತ್ರೆ ಮಾಡದೆ ಹಿಂದಿರುಗಲೂ ಒಪ್ಪಿದರು. ಎರಡು ವರ್ಷದಲ್ಲಿ ಮಕ್ಕಾ ಕೈಗೆ ಬಂತು.

ಕ್ರೈಸ್ತರ ಮೇಲೆ ರಾಜ್ಯದ ಹೊಣೆ ಬಿದ್ದದ್ದು ನಾಲ್ಕನೆಯ ಶತಮಾನದಲ್ಲಿ, ಕಾನ್ಸ್ಟಂಟೈನನ ಕಾಲದಿಂದ. ದಂಡು, ದಂಡನೆ, ಒಪ್ಪಂದಗಳನ್ನು ಹೋಲಿಸಲೇಬೇಕಿದ್ದರೆ ಮದೀನಾದ ಪಕ್ಕಕ್ಕೆ ಇಡಬೇಕಾದದ್ದು ಆ ಶತಮಾನವನ್ನು. ಬೆಟ್ಟದ ಮೇಲಿನ ಬೋಧನೆಯ ಪಕ್ಕಕ್ಕೆ, ಮಕ್ಕಾದಲ್ಲಿ ಕಿರುಕುಳ ಬೈಗುಳ ಸಹಿಸಿಕೊಂಡು ನಡೆದ ಹನ್ನೆರಡು ವರ್ಷಗಳನ್ನು ಇಡಬಹುದು.

ಕಡಲತಡಿಯವ:

ಕೊನೆಯ ಮಾತಿಗೆ ನನ್ನದೊಂದು ತಕರಾರು. ಯೇಸುವಿಗೆ ಅಧಿಕಾರ ಸಿಗಲಿಲ್ಲ, ಆದ್ದರಿಂದ ಕತ್ತಿ ಹಿಡಿಯಲಿಲ್ಲ ಎಂಬಂತೆ ಕೇಳಿಸುತ್ತದೆ. ತನ್ನನ್ನು ಹಿಡಿಯಲು ಬಂದ ರಾತ್ರಿ ಕತ್ತಿ ಬೀಸಿದ ಶಿಷ್ಯನನ್ನು ಅವರು ತಡೆದರು. ಅದು ಅನಿವಾರ್ಯವಲ್ಲ, ಆಯ್ಕೆ. ಉಳಿದುದನ್ನು ಒಪ್ಪುತ್ತೇನೆ.

ತುಂಗಭದ್ರೆಯ ಓದುಗ:

ಆ ತಕರಾರು ಸರಿ. ಮಕ್ಕಾ ಕೈಗೆ ಬಂದ ದಿನ ಹಳೆಯ ವೈರಿಗಳಲ್ಲಿ ಹೆಚ್ಚಿನವರನ್ನು ಕ್ಷಮಿಸಿದ್ದೂ ಆಯ್ಕೆಯೇ ಎಂಬುದನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ.

ಕಪ್ಪುಹಲಗೆ:

ಎಲ್ಲರಿಗೂ ವಂದನೆಗಳು. ನಿನ್ನೆ ಅದೇ ತರಗತಿಯಲ್ಲಿ ಕೋಷ್ಟಕವನ್ನು ಮತ್ತೆ ಬರೆದೆ. ‘ಸ್ಥಾಪಕರು’ ಎಂಬುದನ್ನು ಅಳಿಸಿ, ‘ಆ ಧರ್ಮದವರು ಇವರನ್ನು ಏನೆಂದು ಕರೆಯುತ್ತಾರೆ’ ಎಂದು ಉದ್ದವಾಗಿ ಬರೆದದ್ದರಿಂದ ಕಾಲಂ ಅಗಲವಾಗಿ, ಕೊನೆಯ ‘ಪ್ರಾರ್ಥನಾ ಮಂದಿರ’ಕ್ಕೆ ಹಲಗೆಯಲ್ಲಿ ಜಾಗವೇ ಉಳಿಯಲಿಲ್ಲ. ಪರೀಕ್ಷೆಯಲ್ಲಿ ‘ಸ್ಥಾಪಕರು ಯಾರು’ ಎಂದೇ ಕೇಳುತ್ತಾರೆ, ಅಲ್ಲಿ ಹೆಸರು ಬರೆದು ಒಂದು ಅಂಕ ತೆಗೆದುಕೊಳ್ಳಿ ಎಂದೂ ಹೇಳಿದ್ದೇನೆ. ನಾಣ್ಯದ ಕಥೆ ಹೇಳಿದಾಗ ಆ ಹುಡುಗಿ, ಅವರ ಬಳಿ ಒಂದು ನಾಣ್ಯವೂ ಇರಲಿಲ್ಲವಾ ಸರ್ ಎಂದು ಕೇಳಿದಳು. ಹಿಂದಿನ ಸಾಲಿನ ಹುಡುಗನಿಗೆ ಬೇಕಾಗಿದ್ದದ್ದು ಬೇರೆ: ಅಲಿ ಅಳಿಸುವುದಿಲ್ಲ ಎಂದಾಗ ಪ್ರವಾದಿಯವರು ಅವರನ್ನು ಬೈದರಾ ಎಂದು.